ನೆರೆಯವರ ಹಂಗು

ಕನ್ನಡದಲ್ಲಿ ‘ಮುಯ್ಯಿ’ ಎಂಬುದೊಂದು ವಿಚಿತ್ರವಾದ ಮಾತು. ಮದುವೆಯ ಚಪ್ಪರದಲ್ಲಿ ವಧೂವರರಿಗೆ ಓದಿಸುವುದು ಮುಯ್ಯಿ. ಹೋದ ವಾರ ನಮ್ಮ ಗದ್ದೆಯ ನಾಟಿಗೆ ಬಂದವರ ಗದ್ದೆಗೆ ಈ ವಾರ ನಾವು ಇಳಿದರೆ ಅದು ಮುಯ್ಯಾಳು. ಬೇಲಿಯ ಜಗಳದಲ್ಲಿ ತನ್ನ ಹಲ್ಲು ಮುರಿದವನ ಹಲ್ಲನ್ನು ಮುಂದಿನ ಜಾತ್ರೆಯಲ್ಲಿ ಒಬ್ಬ ಮುರಿದನೆನ್ನಿ, ಆಗಲೂ ‘ಮುಯ್ಯಿ ತೀರಿಸಿಕೊಂಡ’ ಎಂದೇ ಹೇಳುತ್ತೇವೆ. ತರಗತಿಯಲ್ಲಿ ಇದನ್ನು ಹೇಳಿದಾಗ ಹುಡುಗರು ನಗುತ್ತಾರೆ. ನಗಬೇಕಾದ್ದೇ. ಆದರೆ ಉಪಕಾರಕ್ಕೂ ಹಗೆಗೂ ಒಂದೇ ಮಾತನ್ನಿಟ್ಟ ನಮ್ಮ ಹಿರಿಯರಿಗೆ ಮಾತಿನ ಬಡತನವಿತ್ತೆಂದು ನಾನು ನಂಬಲಾರೆ. ಎರಡರಲ್ಲಿಯೂ ಲೆಕ್ಕವಿದೆ, ಎರಡರಲ್ಲಿಯೂ ಬಾಕಿ ಉಳಿಸಿಕೊಂಡವನಿಗೆ ನಿದ್ದೆ ಬಾರದು. ಇಂಗ್ಲಿಷರಿಗೆ ಕೊಡುಗೆಯಾದ ‘ಗಿಫ್ಟ್’ ಜರ್ಮನರ ಮಾತಿನಲ್ಲಿ ವಿಷವಂತೆ. ಅವರೂ ಏನನ್ನೋ ಕಂಡುಕೊಂಡೇ ಹಾಗೆ ಕರೆದಿರಬೇಕು.

ಈ ಬಾಕಿಗೆ ನಮ್ಮಲ್ಲಿ ಇನ್ನೊಂದು ಹೆಸರಿದೆ: ಹಂಗು. ನೆರೆಯವನಿಗೆ ನೆರವಾಗು ಎಂದು ಹೇಳದ ಧರ್ಮವಿಲ್ಲ. ನೆರವು ಪಡೆದವನು ಆಮೇಲೆ ಆ ನೆರೆಯವನ ಕಣ್ಣೆದುರಿನಲ್ಲಿ ಹೇಗೆ ಬದುಕಬೇಕು ಎಂಬುದನ್ನು ಹೇಳಿದವರು ಕಡಮೆ. ನಮ್ಮ ಜಿಲ್ಲೆಯ ಬಳ್ಳಿಗಾವೆಯಿಂದಲೂ ಉಡುತಡಿಯಿಂದಲೂ ಹೊರಟ ಹನ್ನೆರಡನೆಯ ಶತಮಾನದ ಶರಣರು ಲೋಕದ ಹಂಗನ್ನೇ ಹರಿದುಕೊಂಡು ನಡೆದರು. ವಿರಕ್ತರಿಗೆ ಅದು ಸಾಧ್ಯ. ಕೆರೆಯ ಕೆಳಗೆ ಎರಡು ಎಕರೆ ಗದ್ದೆಯುಳ್ಳ ಸಂಸಾರಿ ಏನು ಮಾಡಬೇಕು? ಕೆರೆಯಂಚಿನ ಊರಿನಲ್ಲಿ ‘ನೆರೆ’ ಎಂದರೂ ಎರಡರ್ಥ: ಪಕ್ಕದ ಮನೆಯೂ ಹೌದು, ಮಳೆಗಾಲದ ಪ್ರವಾಹವೂ ಹೌದು. ಎರಡನೆಯದು ಬಂದ ರಾತ್ರಿ ಮೊದಲನೆಯದಿಲ್ಲದೆ ಗತಿಯಿಲ್ಲ.

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಹೆದ್ದಾರಿಯನ್ನು ಬಿಟ್ಟು ಒಳಗೆ ಹೋದರೆ ನನ್ನ ಸೋದರತ್ತೆಯ ಊರು. ಊರಿನ ಹೆಸರು ಬೇಡ. ಕೆರೆಯ ಏರಿಯ ಕೆಳಗಿನ ಮೊದಲ ಮನೆಯವರನ್ನು ಊರೆಲ್ಲ ‘ಅಣ್ಣಯ್ಯ’ ಎಂದೇ ಕರೆಯುತ್ತದೆ. ವಯಸ್ಸಿನಲ್ಲಿ ಅವರಿಗಿಂತ ಹಿರಿಯರೂ ಹಾಗೆಯೇ ಕರೆಯುವುದು ಒಂದು ತಮಾಷೆ. ತೂಬಿಗೆ ಕಸ ಕಟ್ಟಿಕೊಂಡರೆ ಮುಳುಗಿ ಬಿಡಿಸುವವರು ಅವರು. ಕೋಡಿ ಬಿದ್ದ ರಾತ್ರಿ ಬ್ಯಾಟರಿ ಹಿಡಿದು ಏರಿಯ ಉದ್ದಕ್ಕೂ ನಡೆಯುವವರು ಅವರು. ಅವೇಳೆಯಲ್ಲಿ ಯಾರಿಗಾದರೂ ಎದೆನೋವು ಬಂದರೆ ಮೆಗ್ಗಾನ್ ಆಸ್ಪತ್ರೆಗೆ ಹೊರಡುವುದು ಅವರ ಸಾಮಾನು ಸಾಗಿಸುವ ಆಟೋ.

ಅದೇ ಊರಿನಲ್ಲಿ ಒಬ್ಬ ವಿಧವೆ ಅಜ್ಜಿಯಿದ್ದಾರೆ. ಅಣ್ಣಯ್ಯನಿಂದ ಒಂದು ಕೆಲಸವಾದರೆ ಮರುದಿನ ಬೆಳಗ್ಗೆ ಅವರ ಮನೆಯ ಜಗಲಿಯ ಮೇಲೆ ಒಂದು ಮೊರ ಅವರೆಕಾಯಿಯೋ ನಾಲ್ಕು ಸೌತೆಕಾಯಿಯೋ ಇರುತ್ತದೆ. ಅಣ್ಣಯ್ಯ ಬೇಡವೆನ್ನುವುದಿಲ್ಲ. ಬಡ ಮುದುಕಿಯಿಂದ ತೆಗೆದುಕೊಳ್ಳುತ್ತಾನಲ್ಲ ಎಂದು ಆಡಿಕೊಂಡವರುಂಟು.

ಇನ್ನೊಬ್ಬ ರೈತ. ಇವನ ಹೆಂಡತಿಯ ಕಾಯಿಲೆಯಲ್ಲಿ ಅಣ್ಣಯ್ಯ ಎರಡು ಸಲ ಆಸ್ಪತ್ರೆಗೆ ಓಡಿ, ಔಷಧಿಗೂ ಕೈಯಿಂದ ಹಾಕಿದ್ದರು. ಅಡಕೆ ಮಾರಿದ ಮೇಲೆ ಅವನು ಹಣ ತಂದ. “ಇರಲಿ ಬಿಡೋ, ಅದೇನು ಮಹಾ,” ಎಂದು ಅಣ್ಣಯ್ಯ ಹಿಂದಕ್ಕೆ ಕಳಿಸಿದರು. ಊರು ಹೊಗಳಿತು. ಅಂದಿನಿಂದ ಆ ರೈತ ಏರಿಯ ದಾರಿ ಬಿಟ್ಟು ಗದ್ದೆಯ ಬದುವಿನ ಮೇಲೆ ಸುತ್ತಿ ಹೋಗತೊಡಗಿದ. ಮರು ಬೇಸಗೆಯಲ್ಲಿ, ಕೆರೆಯ ನೀರು ಹಿಂದೆ ಸರಿದ ಕಾಲದಲ್ಲಿ, ಅವನ ಗಬ್ಬದ ಎಮ್ಮೆ ಸಂಜೆಯ ಹೊತ್ತಿಗೆ ಹುದುಲಿನಲ್ಲಿ ಹೂತುಕೊಂಡಿತು. ಅಣ್ಣಯ್ಯನ ಮನೆ ಎರಡು ಕೂಗಿನ ದೂರ. ಅವನು ಕೂಗಲಿಲ್ಲ. ಹೈಸ್ಕೂಲಿನ ಮಗನೊಬ್ಬನನ್ನೇ ಕಟ್ಟಿಕೊಂಡು ನಡುರಾತ್ರಿ ಕಳೆಯುವವರೆಗೆ ಹಗ್ಗ ಎಳೆದ. ಬೆಳಗಾಗುವುದರೊಳಗೆ ಎಮ್ಮೆ ಸತ್ತಿತ್ತು.

ಊರು ಅದನ್ನು ಸೊಕ್ಕು ಎಂದಿತು. ನನಗೆ ಹಾಗೆ ಕಾಣಲಿಲ್ಲ. ಮೂರನೆಯ ಸಲ ಕೇಳುವುದಕ್ಕೆ ಅವನಲ್ಲಿ ಬಾಯಿರಲಿಲ್ಲ. ಆ ಬಾಯನ್ನು ಮುಚ್ಚಿಸಿದ್ದು ಹಿಂದಕ್ಕೆ ಬಂದ ಹಣ. ಅಜ್ಜಿಗೆ ಈ ಕಷ್ಟವೇ ಇಲ್ಲ. ಅವರೆಕಾಯಿ ಕೊಟ್ಟವಳು ನಾಳೆ ಮತ್ತೆ ತಲೆಯೆತ್ತಿ “ಅಣ್ಣಯ್ಯಾ” ಎಂದು ಕೂಗಬಲ್ಲಳು. ಒಂದು ಮೊರ ಕಾಯಿ ಒಂದು ರಾತ್ರಿಯ ನಿದ್ದೆಗೆ ಸಮವೆ ಎಂದು ನೀವು ಕೇಳಬಹುದು. ಸಮವಲ್ಲ, ಸಮವಾಗಬೇಕಾಗಿಯೂ ಇಲ್ಲ. ಅದು ಬೆಲೆಯಾಗಿದ್ದರೆ ತೂಗಬೇಕಿತ್ತು. ನಾನೂ ಕೊಡಬಲ್ಲವಳು ಎಂಬುದಷ್ಟೇ ಅದರ ಅರ್ಥ. ಆ ಅರ್ಥವನ್ನು ನಿರಾಕರಿಸುವವನು, ಎಷ್ಟೇ ಒಳ್ಳೆಯವನಾದರೂ, ತಾನು ಏರಿಯ ಮೇಲೆಯೇ ನಿಂತು ಇನ್ನೊಬ್ಬನನ್ನು ಕೆಸರಿನಲ್ಲಿಯೇ ಇರಿಸುತ್ತಾನೆ. ಗ್ರೀಸಿನ ಅರಿಸ್ಟಾಟಲನು ತನ್ನ ನೀತಿಶಾಸ್ತ್ರದಲ್ಲಿ ಒಬ್ಬ ಮಹಾತ್ಮನನ್ನು ಚಿತ್ರಿಸಿದ್ದಾನೆ: ಉಪಕಾರ ಮಾಡುವುದು ಅವನಿಗೆ ಇಷ್ಟ, ಪಡೆಯುವುದು ನಾಚಿಕೆ, ಮಾಡಿದ್ದು ನೆನಪಿರುತ್ತದೆ, ಪಡೆದದ್ದು ಇರುವುದಿಲ್ಲ. ಇಂಥವನು ಅಥೆನ್ಸಿನ ಸಭೆಗೆ ಭೂಷಣವಾಗಿದ್ದಿರಬಹುದು. ಕೆರೆಯ ಕೆಳಗಿನ ಊರಿನಲ್ಲಿ ಅವನ ಪಕ್ಕದ ಮನೆ ನನಗೆ ಬೇಡ.

ಹಾಗಾದರೆ ಎಲ್ಲವೂ ಕೊಡು-ಕೊಳ್ಳುವ ವ್ಯಾಪಾರವೆ? ಇಲ್ಲಿ ಕೆರೆಯೇ ಅಡ್ಡ ಬರುತ್ತದೆ. ಮೇಲಿನ ಊರಿನ ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕೆಳಗಿನ ಊರಿನ ಕೆರೆಗೆ. ಕೆಳಗಿನವರು ಮೇಲಿನವರಿಗೆ ನೀರು ಹಿಂದಿರುಗಿಸುವಂತಿಲ್ಲ. ತಮ್ಮ ಕೋಡಿಯನ್ನು ಸರಿಯಾಗಿಟ್ಟುಕೊಂಡು ಇನ್ನೂ ಕೆಳಗಿನವರಿಗೆ ಬಿಡಬಹುದು, ಅಷ್ಟೆ. ಕಾಲದಲ್ಲಿಯೂ ಹೀಗೆಯೇ. ಕದಂಬರ ಕಾಕುಸ್ಥವರ್ಮನು ಕೆರೆ ಕಟ್ಟಿಸಿದನೆಂದು ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನ ಹೇಳುತ್ತದೆ. ಐದನೆಯ ಶತಮಾನದ ಆ ದೊರೆಗೆ ಮುಯ್ಯಿ ತೀರಿಸುವವರು ಯಾರು? ಆದರೂ ನಮ್ಮ ಹಿರಿಯರು ಕೆರೆಯನ್ನು ಬರಿಯ ಒಳ್ಳೆಯತನಕ್ಕೆ ಬಿಡಲಿಲ್ಲ. ಕೆರೆ ಕಟ್ಟಿದವನಿಗೆ, ಒಡೆದದ್ದನ್ನು ದುರಸ್ತಿ ಮಾಡಿದವನಿಗೆ ‘ಕಟ್ಟುಗೊಡಗೆ’ ಎಂದು ಭೂಮಿ ಬಿಟ್ಟರು. ಗದ್ದೆಗದ್ದೆಗೆ ನೀರು ಹಂಚುವ ನೀರುಗಂಟಿಗೆ ಸುಗ್ಗಿಯ ಕಣದಲ್ಲಿ ಇಷ್ಟು ಭತ್ತವೆಂದು ಅಳೆದುಕೊಟ್ಟರು. ಅವನು ಯಾರ ಮೇಲೂ ಹಂಗು ಹೊರಿಸುವಂತಿರಲಿಲ್ಲ; ಅವನ ಮರ್ಯಾದೆಗೆ ಅದರಿಂದ ಕೊರತೆಯೂ ಇರಲಿಲ್ಲ. 1965ರಲ್ಲಿ ಮುಗಿದ ಭದ್ರಾ ಜಲಾಶಯದ ಕಾಲುವೆಗಳು ಬಂದ ಕಡೆ ನೀರು ಕಾಣದ ಕೈಯಿಂದ ಬರುತ್ತದೆ. ಕಾಣದ ಕೈಗೆ ಹಂಗಿಲ್ಲ, ನಿಜ. ಅದು ದೊಡ್ಡ ಬಿಡುಗಡೆ. ಆದರೆ ಹುದುಲಿಗೆ ಬಿದ್ದ ಎಮ್ಮೆಯನ್ನು ಕಾಲುವೆಯ ಇಲಾಖೆ ಎಳೆಯುವುದಿಲ್ಲ.

ಭದ್ರಾವತಿಯಲ್ಲಿ ಬೇರೆ ಬಗೆಯನ್ನು ಕಂಡಿದ್ದೇನೆ. 1923ರಲ್ಲಿ ಕಬ್ಬಿಣ ಕರಗಿಸಲಾರಂಭಿಸಿದ ಆ ಊರಿಗೆ ಎಲ್ಲೆಲ್ಲಿಂದಲೋ ಬಂದವರು ಕಾರ್ಖಾನೆಯ ಮನೆಗಳಲ್ಲಿ ಗೋಡೆಗೆ ಗೋಡೆ ತಾಗಿಸಿ ಬದುಕಿದರು. ರಾತ್ರಿ ಪಾಳಿಗೆ ಹೋದವನ ಮಗುವನ್ನು ಪಕ್ಕದ ಮನೆಯ ತಮಿಳು ತಾಯಿ ನೋಡಿಕೊಂಡಳು. ಮುಯ್ಯಿ ತೀರಿಸುವ ಮೊದಲೇ ಆಕೆಯ ಗಂಡ ನಿವೃತ್ತನಾಗಿ ಊರು ಬಿಟ್ಟ. ಉಳಿದವರು ಆ ಬಾಕಿಯನ್ನು ಅದೇ ಮನೆಗೆ ಹೊಸದಾಗಿ ಬಂದವರಿಗೆ ತೀರಿಸಿದರು. ಕೋಡಿಯ ನೀರಿನ ನಡೆ ಇದೇ ತಾನೆ?

ಈಚೆಗೆ ಅತ್ತೆಯ ಊರಿಗೆ ಹೋದಾಗ ಒಂದು ಸುದ್ದಿ ತಿಳಿಯಿತು. ಈ ವರ್ಷದ ನಾಟಿಯಲ್ಲಿ ಅಣ್ಣಯ್ಯ ತಾವಾಗಿ ಬದುವಿನ ದಾರಿ ಹಿಡಿದು ಆ ರೈತನ ಮನೆಗೆ ಹೋಗಿ, “ಆಳು ಸಿಕ್ತಿಲ್ಲ ಕಣೋ, ಎರಡು ದಿನ ಮುಯ್ಯಾಳಿಗೆ ಬಾ,” ಎಂದು ಕೇಳಿದರಂತೆ. ಅವನು ಮಗನನ್ನೂ ಕರೆದುಕೊಂಡು ಬಂದ. ಈಗ ಏರಿಯ ಮೇಲೆಯೇ ಓಡಾಡುತ್ತಾನೆ. ಅಣ್ಣಯ್ಯನಿಗೆ ಆಳು ನಿಜವಾಗಿ ಸಿಕ್ಕಿರಲಿಲ್ಲವೆ ಎಂದು ನಾನು ವಿಚಾರಿಸಲಿಲ್ಲ.

ಬದಲಾಗಿ ಅವರ ಹೆಂಡತಿಯೊಡನೆ ಈ ಮಾತೆತ್ತಿದೆ. ‘ಮನೆಗೆ ಮಾರಿ, ಊರಿಗೆ ಉಪಕಾರಿ’ ಎಂಬ ಗಾದೆ ಹುಟ್ಟಿದ್ದು ಇಂಥ ಮನೆಗಳ ಅಡುಗೆಕೋಣೆಯಲ್ಲಿಯೇ ಇರಬೇಕು. ನಡುರಾತ್ರಿ ಬಾಗಿಲು ತಟ್ಟಿದಾಗ ಮೊದಲು ಏಳುವವರು ಆಕೆ. ಅವರು ಹಿಂದಿರುಗುವವರೆಗೆ ಒಲೆಯ ಮೇಲೆ ಬಿಸಿನೀರಿಟ್ಟು ಕೂರುವವರೂ ಆಕೆಯೇ. ಗಂಡ ಊರಿಗೆ ಕೊಟ್ಟದ್ದರಲ್ಲಿ ಆಕೆಯನ್ನು ಕೇಳದೆ ಕೊಟ್ಟ ಪಾಲೆಷ್ಟು? ಆಕೆ ಅಜ್ಜಿ ಕೊಟ್ಟ ಅವರೆಕಾಯಿ ಸುಲಿಯುತ್ತ ಕುಳಿತಿದ್ದರು. ನಾನು ಅಣ್ಣಯ್ಯ ಮುಯ್ಯಾಳು ಕೇಳಿದ್ದರ ದೊಡ್ಡತನವನ್ನು ಒಂದಿಷ್ಟು ವಿಸ್ತಾರವಾಗಿಯೇ ವರ್ಣಿಸಿದೆ.

“ಕರೆದದ್ದು ಒಳ್ಳೇದೇ ಆಯ್ತು ಮೇಷ್ಟ್ರೆ,” ಎಂದರು, ಕೈ ನಿಲ್ಲಿಸದೆ. “ಎರಡು ದಿನ ಇನ್ನಿಬ್ಬರಿಗೆ ಅಡುಗೆ ಮಾಡಿದ್ದು ನಾನು.”