ಉಪಾಧ್ಯಾಯರ ಮೌನ ಯಾರಿಗಾಗಿ?



ಚುನಾವಣೆಯ ದಿನ ಜಯನಗರದಲ್ಲಾಗಲಿ ಬನಶಂಕರಿಯಲ್ಲಾಗಲಿ ನೀವು ಮತ ಹಾಕಲು ಹೋಗುವ ಮತಗಟ್ಟೆ ಸಾಮಾನ್ಯವಾಗಿ ಒಂದು ಶಾಲೆಯ ಕೊಠಡಿಯಾಗಿರುತ್ತದೆ. ಪಟ್ಟಿಯಲ್ಲಿ ನಿಮ್ಮ ಹೆಸರನ್ನು ಹುಡುಕುವವರು, ಬೆರಳಿಗೆ ಶಾಯಿ ಹಚ್ಚುವವರು ಅನೇಕ ವೇಳೆ ಸರ್ಕಾರಿ ಶಾಲೆಯ ಉಪಾಧ್ಯಾಯರೇ. ಅವರು ಯಾವ ಪಕ್ಷದವರೆಂದು ನೀವು ಕೇಳುವುದಿಲ್ಲ; ಅವರೂ ಹೇಳುವುದಿಲ್ಲ. ಆ ಮೌನದ ಮೇಲೆ ನಾವೆಲ್ಲರೂ ವಿಶ್ವಾಸವಿಟ್ಟಿದ್ದೇವೆ. 2023ರ ಮೇ ತಿಂಗಳಲ್ಲಿ ಜಯನಗರ ವಿಧಾನಸಭಾ ಕ್ಷೇತ್ರದ ಫಲಿತಾಂಶ ಮರುಎಣಿಕೆಯ ಬಳಿಕ ಕೇವಲ 16 ಮತಗಳ ಅಂತರದಲ್ಲಿ ನಿರ್ಧಾರವಾಯಿತು. ಮತಗಟ್ಟೆಯಲ್ಲಿ ಕುಳಿತವರ ನಿಷ್ಪಕ್ಷಪಾತ ಎಷ್ಟು ಬೆಲೆಯುಳ್ಳದ್ದೆಂದು ಬೇರೆ ಹೇಳಬೇಕಾಗಿಲ್ಲ.

ಆದರೆ ಈ ಮೌನವನ್ನು ಉಪಾಧ್ಯಾಯರಿಂದ ಎಷ್ಟರ ಮಟ್ಟಿಗೆ ಕೇಳುವುದು ನ್ಯಾಯ? ಅವರೂ ನಮ್ಮಂತೆಯೇ ಪ್ರಜೆಗಳಲ್ಲವೇ?

ನಮ್ಮ ರಾಜ್ಯದ ಕಾನೂನು ಈ ವಿಷಯದಲ್ಲಿ ಕಟ್ಟುನಿಟ್ಟಾಗಿದೆ. 1966ರ ನಡತೆ ನಿಯಮಗಳೂ ಅವುಗಳ ಸ್ಥಾನದಲ್ಲಿ 2021ರಲ್ಲಿ ಬಂದ ಹೊಸ ನಿಯಮಗಳೂ ಒಂದೇ ಮಾತನ್ನು ಹೇಳುತ್ತವೆ. ಸರ್ಕಾರಿ ನೌಕರರು ಯಾವ ರಾಜಕೀಯ ಪಕ್ಷದ ಸದಸ್ಯರೂ ಆಗುವಂತಿಲ್ಲ, ಪಕ್ಷಕ್ಕೆ ಚಂದಾ ಕೊಡುವಂತಿಲ್ಲ, ಪ್ರಚಾರ ಮಾಡುವಂತಿಲ್ಲ. ಮತ ಹಾಕಬಹುದು, ಯಾರಿಗೆ ಹಾಕಿದೆನೆಂದು ಸೂಚಿಸುವಂತಿಲ್ಲ. ಸರ್ಕಾರದ ನೀತಿಯನ್ನು ಬಹಿರಂಗವಾಗಿ ಟೀಕಿಸುವುದಕ್ಕೂ ತಡೆಯಿದೆ.

ಇನ್ನೊಂದೆಡೆ, ಸಂವಿಧಾನದ 171ನೆಯ ವಿಧಿ ಇದೇ ಉಪಾಧ್ಯಾಯರನ್ನು ರಾಜಕೀಯಕ್ಕೆ ಆಹ್ವಾನಿಸುತ್ತದೆ. ನಮ್ಮ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7 ಸ್ಥಾನಗಳಿಗೆ ಶಿಕ್ಷಕರೇ ಪ್ರತಿನಿಧಿಗಳನ್ನು ಆರಿಸಿ ಕಳುಹಿಸುತ್ತಾರೆ. ಬೆಂಗಳೂರು ಶಿಕ್ಷಕರ ಕ್ಷೇತ್ರಕ್ಕೆ 2024ರ ಫೆಬ್ರವರಿಯಲ್ಲಿ ಉಪಚುನಾವಣೆ ನಡೆದಾಗ ಪಕ್ಷಗಳು ಬಹಿರಂಗವಾಗಿಯೇ ಸೆಣಸಿದವು. ಈ ಹಕ್ಕು ಪ್ರೌಢಶಾಲೆ ಮತ್ತು ಅದಕ್ಕೆ ಮೇಲಿನ ಹಂತದಲ್ಲಿ ಕಲಿಸುವವರಿಗೆ ಮಾತ್ರ. ಪ್ರಾಥಮಿಕ ಶಾಲೆಯವರಿಗೆ ಇಲ್ಲ. ಒಂದು ಕೈ ಮಾತನಾಡೆಂದು ಕರೆಯುತ್ತದೆ, ಇನ್ನೊಂದು ಕೈ ಬಾಯಿ ಮುಚ್ಚುತ್ತದೆ. ಇವೆರಡೂ ಹೇಗೆ ಹೊಂದುತ್ತವೆ? ಈ ಮೌನ ಯಾರಿಗಾಗಿ ಎಂದು ಕೇಳಿಕೊಂಡರೆ ಉತ್ತರ ದೊರಕುತ್ತದೆ.

ನಿಮ್ಮ ಆರನೆಯ ತರಗತಿಯ ಮಗಳು ರಾತ್ರಿ ಊಟಕ್ಕೆ ಕುಳಿತು, "ಆ ಪಕ್ಷದವರೆಲ್ಲ ಕಳ್ಳರಂತೆ, ನಮ್ಮ ಮಿಸ್ ಹೇಳಿದರು" ಎಂದಳೆಂದು ಭಾವಿಸಿ. ನೀವು ಆ ಪಕ್ಷಕ್ಕೇ ಮತ ಹಾಕಿದವರಾಗಿರಬಹುದು. ಮಗು ಈಗ ಯಾರನ್ನು ನಂಬಬೇಕು? ಬೀದಿಯ ಭಾಷಣ ಹಿಡಿಸದಿದ್ದರೆ ನೀವು ನಡೆದುಹೋಗಬಲ್ಲಿರಿ. ಮಗುವಿಗೆ ತರಗತಿಯಿಂದ ಎದ್ದುಹೋಗುವ ಸ್ವಾತಂತ್ರ್ಯವಿಲ್ಲ. ಅದರ ಅಂಕಗಳೂ ಶಭಾಷ್‌ಗಿರಿಯೂ ಆ ಮೇಜಿನ ಹಿಂದೆ ನಿಂತವರ ಕೈಯಲ್ಲಿವೆ. ಅಲ್ಲಿ ಆಡಿದ ಪಕ್ಷದ ಮಾತು ಅಭಿಪ್ರಾಯವಾಗಿ ಉಳಿಯದೆ ಒತ್ತಾಯವಾಗುತ್ತದೆ. ಬೋಧಕರಿಗೆ ಹೆಚ್ಚು ಕಠಿಣವಾದ ತೀರ್ಪು ಕಾದಿದೆಯೆಂದು ಸಂತ ಯಕೋಬರು ತಮ್ಮ ಪತ್ರದಲ್ಲಿ ಎಚ್ಚರಿಸಿರುವುದು ಸುಮ್ಮನೆ ಅಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆಯೂ ಗುರುಗಳು ರಾಜಕೀಯ ಪಕ್ಷಗಳಲ್ಲಿ ಸಕ್ರಿಯರಾಗುವುದನ್ನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಬಲಿಪೀಠದ ಬಳಿ ನಿಂತವರ ಮಾತಿಗಿರುವ ತೂಕವೇ ಅಲ್ಲಿಯೂ ಕಾರಣ.

ಹಾಗಾದರೆ ಈ ಮೌನ ಮಗುವಿಗಾಗಿ. ಆಳುವವರ ನೆಮ್ಮದಿಗಾಗಿ ಅಲ್ಲ. ಈ ಅಳತೆಗೋಲನ್ನು ಹಿಡಿದು ಒಂದು ನೈಜ ಪ್ರಸಂಗವನ್ನು ನೋಡೋಣ. 2023ರ ಮೇ ತಿಂಗಳಲ್ಲಿ, ಹೊಸ ಸರ್ಕಾರ ಬಂದ ಹೊತ್ತಿನಲ್ಲೇ, ಹೊಸದುರ್ಗ ತಾಲ್ಲೂಕಿನ ಒಬ್ಬ ಸರ್ಕಾರಿ ಶಾಲಾ ಶಿಕ್ಷಕರು ಉಚಿತ ಯೋಜನೆಗಳನ್ನು ಟೀಕಿಸಿ, ಬೇರೆ ಬೇರೆ ಮುಖ್ಯಮಂತ್ರಿಗಳ ಕಾಲದ ಸಾಲವನ್ನು ಹೋಲಿಸಿ ಸಾಮಾಜಿಕ ಜಾಲತಾಣದಲ್ಲಿ ಬರೆದರು, ಅಮಾನತುಗೊಂಡರು. ನಿಯಮದ ಅಕ್ಷರದ ಪ್ರಕಾರ ಇಲಾಖೆಗೆ ಆಧಾರವಿತ್ತು. ಆದರೆ ಯಾವ ಮಗುವಿಗೆ ಯಾವ ಹಾನಿಯಾಯಿತು? ಯಾವ ಪಕ್ಷ ಅಧಿಕಾರದಲ್ಲಿದ್ದರೂ ಈ ಪ್ರಶ್ನೆಯನ್ನು ಕೇಳಬೇಕು. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಪಿಕರಿಂಗ್ ಎಂಬ ಶಿಕ್ಷಕರು ಶಾಲಾ ಮಂಡಳಿ ಹಣ ಬಳಸುವ ರೀತಿಯನ್ನು ಟೀಕಿಸಿ ಪತ್ರಿಕೆಗೆ ಬರೆದು ಕೆಲಸ ಕಳೆದುಕೊಂಡಿದ್ದರು. 1968ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಸಾರ್ವಜನಿಕ ವಿಷಯದಲ್ಲಿ ಪ್ರಜೆಯಾಗಿ ಮಾತನಾಡಿದ್ದಕ್ಕಾಗಿ ಅವರನ್ನು ವಜಾ ಮಾಡುವುದು ಸಲ್ಲದೆಂದು ತೀರ್ಪಿತ್ತಿತು.

ಕಷ್ಟವೂ ಇದೆಯೆಂಬುದನ್ನು ಒಪ್ಪಿಕೊಳ್ಳಬೇಕು. ಇಂದು ಶಿಕ್ಷಕರ ಫೋನ್ ನಂಬರು ಪ್ರತಿ ಮನೆಯಲ್ಲಿದೆ. ಅವರು ರಾತ್ರಿ ಹಾಕಿದ ವಾಟ್ಸ್ಆ್ಯಪ್ ಸ್ಟೇಟಸ್ ಬೆಳಗಿನೊಳಗೆ ತರಗತಿಯನ್ನು ಮುಟ್ಟುತ್ತದೆ. ಆದುದರಿಂದ ಶಾಲೆಯ ಹೊರಗೂ ಸಂಯಮ ಬೇಕು: ನಿಂದೆಯ ಬದಲು ವಿಚಾರ, ಘೋಷಣೆಯ ಬದಲು ಸತ್ಯ. ಆದರೆ ಸಂಯಮವೆಂದರೆ ಶಾಲೆಯ ಮಾಡು ಸೋರುತ್ತಿದ್ದರೂ ಬಿಸಿಯೂಟದ ಅಕ್ಕಿ ಬಾರದಿದ್ದರೂ ಬಾಯಿ ಬಿಡದಿರುವುದಲ್ಲ. ಮಗುವಿಗಾಗಿ ಮೌನವಾಗಿರುವ ಗುರು, ಅದೇ ಮಗುವಿಗಾಗಿ ಮಾತನಾಡಲೂ ಬೇಕಾಗುತ್ತದೆ.

ನಮ್ಮ ಪಾಲಿನ ಕರ್ತವ್ಯವನ್ನೂ ಮರೆಯದಿರೋಣ. ಪಾಲಕರಾದ ನಾವು ಶಿಕ್ಷಕರನ್ನು ನಮ್ಮ ಪಕ್ಷಕ್ಕೆ ಎಳೆಯಬಾರದು. ಅವರ ಒಂದು ಮಾತು ಹಿಡಿಸಲಿಲ್ಲವೆಂದು ಮೇಲಧಿಕಾರಿಗೆ ದೂರು ಹೊತ್ತೊಯ್ಯಲೂಬಾರದು. ಮೊದಲು ಅವರೊಡನೆಯೇ ಮಾತನಾಡೋಣ. ನಮ್ಮ ಸಂಸ್ಥೆಗಳ ಆಡಳಿತ ಮಂಡಳಿಗಳಿಗೂ ಈ ಮಾತು ಅನ್ವಯಿಸುತ್ತದೆ. ಯಾರಿಗೆ ಮತ ಹಾಕಬೇಕೆಂದು ಸಿಬ್ಬಂದಿಗೆ ಸೂಚಿಸುವ ಅಧಿಕಾರ ಯಾವ ಆಡಳಿತಕ್ಕೂ ಇಲ್ಲ, ಅದು ಎಷ್ಟೇ ಒಳ್ಳೆಯ ಉದ್ದೇಶದ್ದಾಗಿರಲಿ.

ಮುಂದಿನ ಬಾರಿ ಮತಗಟ್ಟೆಯಲ್ಲಿ ನಿಮ್ಮ ಮಗುವಿನ ಉಪಾಧ್ಯಾಯರು ಬೆರಳಿಗೆ ಶಾಯಿ ಹಚ್ಚಿದರೆ, ಅವರು ನಿಮಗಾಗಿ ಬಿಟ್ಟುಕೊಟ್ಟಿರುವುದನ್ನು ನೆನೆಯಿರಿ. ಬಿಟ್ಟುಕೊಡಬೇಕಾಗಿಲ್ಲದ್ದನ್ನು ಯಾರಾದರೂ ಅವರಿಂದ ಕಿತ್ತುಕೊಂಡಾಗ ಅವರ ಪರವಾಗಿ ನಿಲ್ಲುವ ಧೈರ್ಯ ನಮಗಿದೆಯೇ ಎಂದೂ ಕೇಳಿಕೊಳ್ಳೋಣ.