ಹಬ್ಬಕ್ಕೆ ಊರಲ್ಲಿಲ್ಲದಿದ್ದರೆ?

ಡಿಸೆಂಬರ್ ರಜೆ ಬಂತೆಂದರೆ ಬೆಳಗೊಳದ ಕಡೆ ಕನ್ನಂಬಾಡಿ ಕಟ್ಟೆ ನೋಡಹೋಗುವ ಪ್ರವಾಸಿಗರ ಸಾಲು. ಅವರಲ್ಲಿ ನಮ್ಮವರೂ ಇರುತ್ತಾರೆ. ಕ್ರಿಸ್ತಜಯಂತಿಯನ್ನು ಪರವೂರಲ್ಲಿ ಕಳೆಯುವುದು ತಪ್ಪೇ? ಧರ್ಮಸಭೆ ಹಾಗೆನ್ನುವುದಿಲ್ಲ, ಹಬ್ಬದ ದಿನವೋ ಹಿಂದಿನ ಸಂಜೆಯೋ ಯಾವ ಕಥೋಲಿಕ ದೇವಾಲಯದಲ್ಲಿ ಬಲಿಪೂಜೆಗೆ ಹೋದರೂ ಕರ್ತವ್ಯ ಸಂದಂತೆಯೇ. ಆದರೆ ಮನೆಯಲ್ಲಿ ಅಜ್ಜಿ ಒಬ್ಬರೇ ಗೋದಲಿಯ ಮುಂದೆ ಕುಳಿತಿದ್ದರೆ ಆ ಲೆಕ್ಕ ಬೇರೆ. ಅವರನ್ನೂ ಕರೆದೊಯ್ಯಿರಿ, ಇಲ್ಲವೇ ಎರಡು ದಿನ ತಡೆದು ಹೊರಡಿ. ಕಟ್ಟೆ ಎಲ್ಲಿಗೂ ಓಡಿಹೋಗದು!

ಊರಲ್ಲೇ ಇರುವವರಿಗೂ ಒಂದು ಮಾತು. ಸಂತ ಪೌಲರು ಹಡಗೊಡೆದು ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪ ಸೇರಿದಾಗ ಮಳೆ, ಚಳಿ. ಗುರುತಿಲ್ಲದ ದ್ವೀಪದ ಜನ ಬೆಂಕಿ ಹಾಕಿ 276 ಮಂದಿಯನ್ನೂ ಬರಮಾಡಿಕೊಂಡರು. ಆ ಚಳಿಗಾಲದ ಮೂರು ತಿಂಗಳು ಪೌಲರು ಅಲ್ಲೇ ಇದ್ದರು. ಈ ಸಲ ರಾತ್ರಿ ಪೂಜೆಯಲ್ಲಿ ಅಪರಿಚಿತ ಕುಟುಂಬವೊಂದು ಬಾಗಿಲ ಬಳಿ ನಿಂತಿದ್ದರೆ, ಬೆಂಚಿನಲ್ಲಿ ಸರಿದು ಜಾಗ ಕೊಡುವಿರಾ? ಪೂಜೆ ಮುಗಿದ ಮೇಲೆ ಯಾವ ಊರೆಂದು ಕೇಳಿ, ಮನೆಗೆ ಊಟಕ್ಕೆ ಕರೆಯುವಿರಾ?