ಅಪ್ಪ ಏನು ಕೆಲಸ ಮಾಡ್ತಾರೆ?

ಬೇಸಿಗೆ ರಜೆ ಮುಗಿದು ಸರ್ಕಾರಿ ಶಾಲೆಗಳ ಬಾಗಿಲು ತೆರೆದಾಗ ಪ್ರಾರಂಭೋತ್ಸವ ನಡೆಯುತ್ತದೆ. ಬಾಗಿಲಿಗೆ ಮಾವಿನ ತೋರಣ, ಅಂಗಳದಲ್ಲಿ ರಂಗೋಲಿ, ಬಿಸಿಯೂಟದ ಜೊತೆ ಪಾಯಸವೋ ಕೇಸರಿಬಾತೋ. ಇದನ್ನು ಬರೀ ತೋರಿಕೆ ಎಂದು ಆಡಿಕೊಳ್ಳುವವರಿದ್ದಾರೆ, ನನಗೆ ಹಾಗನ್ನಿಸುವುದಿಲ್ಲ. ಪಾಯಸ ಬಡಿಸುವಾಕೆ ನಿನ್ನದು ಯಾವೂರು, ಹೋದ ವರ್ಷ ಎಷ್ಟು ಅಂಕ ಎಂದು ವಿಚಾರಿಸಿಕೊಂಡು ಸೌಟು ಎತ್ತುವುದಿಲ್ಲ. ಎಡವಟ್ಟಾಗುವುದು ತೋರಣ ದಾಟಿ ತರಗತಿಯೊಳಗೆ ಕೂತ ಮೇಲೆ. “ಒಬ್ಬೊಬ್ಬರೇ ಎದ್ದು ನಿಂತು ಹೆಸರು, ಊರು, ಅಪ್ಪ ಏನು ಕೆಲಸ ಮಾಡ್ತಾರೆ, ಹೇಳಿ.” ಈ ಪರಿಚಯದ ಪದ್ಧತಿಗೆ ಸರ್ಕಾರಿ, ಖಾಸಗಿ ಎಂಬ ಭೇದವಿಲ್ಲ. ಪಿಯು ಕಾಲೇಜಿಗೆ ಬಂದರೆ ಪ್ರಶ್ನೆ ಬದಲಾಗುತ್ತದೆ: ಎಸ್ಸೆಸ್ಸೆಲ್ಸಿಯಲ್ಲಿ ಎಷ್ಟು ಪರ್ಸೆಂಟು? ಕನ್ನಡ ಮೀಡಿಯಂನಿಂದ ಬಂದವರು ಯಾರ್ಯಾರು, ಕೈ ಎತ್ತಿ. ಕೇಳುವವರ ಮನಸ್ಸಿನಲ್ಲಿ ಕೇಡೇನೂ ಇರುವುದಿಲ್ಲ. ಆದರೂ ಮೊದಲ ದಿನ ಮಾಡಬಾರದ ಕೆಲಸವೆಂದರೆ ಇದೇ. ಮಕ್ಕಳಿಗೆ ಆ ದಿನ ಕೊಡಬೇಕಾದದ್ದು ಎಲ್ಲರೂ ಸೇರಿ ಮಾಡುವ ಒಂದು ಕೆಲಸವನ್ನು. ನೀನು ಯಾರು ಎಂಬ ಪ್ರಶ್ನೆಯನ್ನಲ್ಲ.

ಉತ್ತರ ಬೆಂಗಳೂರಿನ ಮಟ್ಟಿಗೆ ಈ ಮಾತು ಇನ್ನಷ್ಟು ಗಟ್ಟಿ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ಹೆಬ್ಬಾಳದಿಂದ ಯಲಹಂಕದ ಆಚೆಗೂ ಊರು ಬೆಳೆಯುತ್ತಲೇ ಇದೆ. ಕಟ್ಟಡ ಕಟ್ಟಲು ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ಬಂದವರ ಶೆಡ್ಡುಗಳೂ ಅವರು ಕಟ್ಟಿದ ಅಪಾರ್ಟ್‌ಮೆಂಟುಗಳೂ ಅಕ್ಕಪಕ್ಕದಲ್ಲೇ ಇವೆ. ಯಶವಂತಪುರದಲ್ಲಿ ಎಪಿಎಂಸಿ ಯಾರ್ಡಿನ ಹಮಾಲರಿದ್ದಾರೆ, ಯಲಹಂಕದಲ್ಲಿ ರೈಲು ಗಾಲಿ ಕಾರ್ಖಾನೆಯ ನೌಕರರಿದ್ದಾರೆ, ಆರ್.ಟಿ. ನಗರದ ಮನೆಗಳಲ್ಲಿ ದಖ್ಖನಿ ಉರ್ದು, ಯಲಹಂಕದ ಎಷ್ಟೋ ಮನೆಗಳಲ್ಲಿ ತೆಲುಗು. ಇಂಥ ಕಡೆ ‘ಊರು ಯಾವುದು, ಅಪ್ಪ ಏನು ಮಾಡ್ತಾರೆ’ ಎಂಬ ಎರಡೇ ಪ್ರಶ್ನೆ ಸಾಕು, ಯಾರು ಶೆಡ್ಡಿನವರು, ಯಾರು ಅಪಾರ್ಟ್‌ಮೆಂಟಿನವರು ಎಂಬುದು ಹತ್ತು ನಿಮಿಷದಲ್ಲಿ ಇಡೀ ತರಗತಿಗೆ ಗೊತ್ತಾಗಿಹೋಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್, ದಾಖಲಾತಿಗೆ ಮುನ್ನ ಮಗುವನ್ನಾಗಲಿ ತಂದೆತಾಯಿಯನ್ನಾಗಲಿ ಜರಡಿ ಹಿಡಿಯಬಾರದು ಎನ್ನುತ್ತದೆ. ಗೇಟಿನಲ್ಲಿ ಕಾನೂನು ತಡೆದ ಜರಡಿಯನ್ನು ನಾವು ಒಳಗೆ ಕೂತು, ಪರಿಚಯ ಎಂಬ ಮುದ್ದಿನ ಹೆಸರಿಟ್ಟು ಆಡಿಸುತ್ತೇವೆ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ದೊಡ್ಡ ಮಾತೇ ಎನ್ನುವವರು ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಅರ್ಥಶಾಸ್ತ್ರಜ್ಞೆಯರು ಉತ್ತರ ಪ್ರದೇಶದ ಹಳ್ಳಿಗಳಲ್ಲಿ ನಡೆಸಿದ ಪ್ರಯೋಗವನ್ನು ನೋಡಬೇಕು. ಆರು ಮತ್ತು ಏಳನೇ ತರಗತಿಯ ಹುಡುಗರಿಗೆ ಕಾಗದದ ಮೇಲಿನ ಚಕ್ರವ್ಯೂಹದಂಥ ಒಗಟುಗಳನ್ನು ಕೊಟ್ಟು, ಬಿಡಿಸಿದಷ್ಟಕ್ಕೂ ದುಡ್ಡು ಕೊಟ್ಟರು. ಯಾರ ಜಾತಿಯನ್ನೂ ಹೇಳದೆ ಕೂರಿಸಿದಾಗ ಮೇಲ್ಜಾತಿಯವರಷ್ಟೇ ಚೆನ್ನಾಗಿ ಕೆಳಜಾತಿಯ ಹುಡುಗರೂ ಬಿಡಿಸಿದರು. ಶುರುವಿಗೆ ಮುನ್ನ ಪ್ರತಿಯೊಬ್ಬನ ಹೆಸರು, ತಂದೆಯ ಹೆಸರು, ತಾತನ ಹೆಸರು, ಊರು, ಜಾತಿಯನ್ನು ಆರು ಮಂದಿಯ ಗುಂಪಿನೆದುರು ಓದಿ ಹೇಳಿದಾಗ ಕೆಳಜಾತಿಯ ಹುಡುಗರ ಸಾಧನೆ ಸುಮಾರು ಐದರಲ್ಲೊಂದು ಪಾಲು ಇಳಿಯಿತು. ಹುಡುಗರ ಬುದ್ಧಿ ಆ ಅರ್ಧ ಗಂಟೆಯಲ್ಲಿ ಬದಲಾಗಿರಲಿಲ್ಲ. ಬದಲಾದದ್ದು ಓದಿ ಹೇಳಿದ ನಾಲ್ಕು ಸಾಲು. ಅದು ಉತ್ತರ ಪ್ರದೇಶ, ಇದು ಬೆಂಗಳೂರು, ಇಲ್ಲಿ ಯಾರು ಜಾತಿ ಕೇಳುತ್ತಾರೆ ಎನ್ನಬಹುದು. ನಿಜ, ಜಾತಿ ಎಂಬ ಪದವನ್ನು ಇಲ್ಲಿ ಯಾರೂ ಎತ್ತುವುದಿಲ್ಲ. ಎತ್ತಬೇಕಾದ ಅಗತ್ಯವೂ ಇಲ್ಲ: ಊರು, ಅಪ್ಪನ ಕೆಲಸ, ಓದಿದ ಮೀಡಿಯಂ ಗೊತ್ತಾದರೆ ಉಳಿದದ್ದನ್ನು ಕೇಳಿಸಿಕೊಂಡವರೇ ತುಂಬಿಕೊಳ್ಳುತ್ತಾರೆ.

ಕೇಳಿಸಿಕೊಳ್ಳುವವರಲ್ಲಿ ಮೇಷ್ಟ್ರೂ ಒಬ್ಬರು. 1968ರಲ್ಲಿ ರೋಸೆಂತಾಲ್ ಮತ್ತು ಜೇಕಬ್‌ಸನ್ ಎಂಬ ಸಂಶೋಧಕರು ಅಮೆರಿಕದ ಒಂದು ಶಾಲೆಯ ಪ್ರಯೋಗವನ್ನು ಪ್ರಕಟಿಸಿದರು. ಚೀಟಿ ಎತ್ತಿದಂತೆ ಆರಿಸಿದ ಕೆಲವು ಮಕ್ಕಳ ಬಗ್ಗೆ ‘ಈ ವರ್ಷ ಇವರು ಮುಂದೆ ಬರುತ್ತಾರೆ’ ಎಂದು ಶಿಕ್ಷಕರಿಗೆ ಹೇಳಲಾಗಿತ್ತು. ಚಿಕ್ಕ ತರಗತಿಗಳಲ್ಲಿ ಅಂಥ ಮಕ್ಕಳು ನಿಜಕ್ಕೂ ಮುಂದೆ ಬಂದರು. ಈ ಪ್ರಯೋಗದ ಮೇಲೆ ಬಂದ ಟೀಕೆ ಕಡಿಮೆಯೇನಲ್ಲ, ಪರಿಣಾಮ ಅಷ್ಟು ದೊಡ್ಡದಲ್ಲ ಎಂಬುದು ಈಗಿನ ಸಾಮಾನ್ಯ ತೀರ್ಮಾನ. ಆದರೆ 1984ರಲ್ಲಿ ಸ್ಟೀಫನ್ ರಾಡೆನ್‌ಬುಷ್ ಎಂಬ ಸಂಶೋಧಕ ಇಂಥ 18 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಕುತೂಹಲದ ಸಂಗತಿ ಕಂಡಿತು. ಶಿಕ್ಷಕರಿಗೆ ಮಕ್ಕಳು ಎರಡು ವಾರಕ್ಕಿಂತ ಹೆಚ್ಚು ಪರಿಚಯವಿದ್ದಲ್ಲಿ ಹೊರಗಿನಿಂದ ಬಂದ ಮಾತು ನಾಟುತ್ತಿರಲಿಲ್ಲ. ಪರಿಚಯವೇ ಇಲ್ಲದಾಗ ನಾಟುತ್ತಿತ್ತು. ಅಂದರೆ ಮಗು ಹೇಗೆ ಓದುತ್ತದೆ, ಹೇಗೆ ಯೋಚಿಸುತ್ತದೆ ಎಂದು ಕಣ್ಣಾರೆ ಕಂಡ ಮೇಷ್ಟ್ರಿಗೆ ಅದರ ಹಳೇ ಮಾರ್ಕ್ಸ್ ಕಾರ್ಡು ತಿಳಿದರೂ ಅಂಥ ಅಪಾಯವಿಲ್ಲ. ಕಾಣುವ ಮೊದಲೇ ತಿಳಿದರೆ ಕಾಣುವ ಕಣ್ಣೇ ಓರೆಯಾಗುತ್ತದೆ. ಮೊದಲ ದಿನವೆಂದರೆ ಆ ಕಣ್ಣು ಇನ್ನೂ ಖಾಲಿ ಇರುವ ದಿನ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ನನಗೆ ಗಟ್ಟಿಯೆನಿಸುವುದು ನಮ್ಮ ನಡಾವಳಿಯದು. ‘ಯಾವೂರಾಯ್ತು?’ ಎಂಬುದು ಕನ್ನಡಿಗರ ಬಾಯಲ್ಲಿ ತನಿಖೆಯಲ್ಲ, ಪ್ರೀತಿ. ಬಸ್ಸಿನಲ್ಲಿ ಪಕ್ಕ ಕೂತವರನ್ನೂ ಕೇಳುತ್ತೇವೆ, ಉತ್ತರ ಬಂದರೆ ಒಬ್ಬ ನೆಂಟನೋ ಪರಿಚಯದವನೋ ಸಿಕ್ಕೇ ಸಿಗುತ್ತಾನೆ. ಒಪ್ಪಿದೆ. ಆದರೆ ಬಸ್ಸಿನಲ್ಲಿ ಕೇಳಿಸಿಕೊಂಡವರು ‘ನಿಮ್ದು?’ ಎಂದು ಮರಳಿ ಕೇಳಬಹುದು, ಬೇಡವೆನಿಸಿದರೆ ಕಿಟಕಿಯ ಕಡೆ ತಿರುಗಬಹುದು. ಐವತ್ತು ಮಂದಿಯ ನಡುವೆ ಒಬ್ಬಳೇ ಎದ್ದು ನಿಂತ ಹುಡುಗಿಗೆ ಇವೆರಡೂ ದಾರಿ ಇಲ್ಲ. ‘ನಿಮ್ಮ ತಂದೆ ಏನು ಮಾಡ್ತಾರೆ ಮಿಸ್?’ ಎಂದು ಅವಳು ಕೇಳಿದರೆ ಅಧಿಕಪ್ರಸಂಗವಾಗುತ್ತದೆ. ಮರಳಿ ಕೇಳಲಾಗದ ಪ್ರಶ್ನೆಯನ್ನು ಪ್ರೀತಿ ಎನ್ನುವುದು ಕಷ್ಟ. ಹಿನ್ನೆಲೆ ತಿಳಿಯದೆ ನೆರವಾಗುವುದು ಹೇಗೆ ಎಂಬ ಇನ್ನೊಂದು ಆಕ್ಷೇಪಕ್ಕೆ ಉತ್ತರ ಸುಲಭ: ಬೇಕಾದ ವಿವರವೆಲ್ಲ ದಾಖಲಾತಿ ಅರ್ಜಿಯಲ್ಲೇ ಇದೆ, ವಿದ್ಯಾರ್ಥಿವೇತನಕ್ಕೆ ಬೇಕಾದದ್ದನ್ನು ಆಫೀಸು ಕೇಳಿಕೊಳ್ಳುತ್ತದೆ. ಕಲಿಕೆಯ ಮಟ್ಟ ತಿಳಿಯಲು ಸೇತುಬಂಧದ ನೈದಾನಿಕ ಪರೀಕ್ಷೆ ಇದೆ, ಅದರ ಫಲಿತಾಂಶವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದದಿದ್ದರೆ ಆಯಿತು. ಮೊದಲ ದಿನವೇ ಬಿಗಿ ಹಿಡಿಯದಿದ್ದರೆ ವರ್ಷವೆಲ್ಲ ಕೈಗೆ ಸಿಗುವುದಿಲ್ಲ ಎನ್ನುವವರಿಗೆ ಹೇಳುವುದಿಷ್ಟೇ, ಕೈಗೆ ಕೆಲಸ ಸಿಕ್ಕ ತರಗತಿ ಮಾತು ಮರೆತಿರುತ್ತದೆ.

ಎಂಥ ಕೆಲಸ? ಒಂದು ಗಾಜಿನ ಬಾಟಲಿಯ ತುಂಬ ಹುಣಸೆ ಬೀಜ ತಂದಿಟ್ಟರೂ ಸಾಕು. ಎಷ್ಟಿರಬಹುದು ಎಂದು ಪ್ರತಿಯೊಬ್ಬರೂ ಒಂದು ಚೀಟಿಯಲ್ಲಿ ಅಂದಾಜು ಬರೆಯಲಿ. ಆಮೇಲೆ ನಾಲ್ಕು ನಾಲ್ಕು ಮಂದಿಯ ಗುಂಪಿಗೆ ಒಂದೊಂದು ಹಿಡಿ ಹಂಚಿ, ಹತ್ತರ ಗುಡ್ಡೆ ಮಾಡಿ ಎಣಿಸಲಿ. ಒಬ್ಬಳು ತೆಲುಗಿನಲ್ಲಿ ಎಣಿಸಿದರೂ ಮತ್ತೊಬ್ಬ ಉರ್ದುವಿನಲ್ಲಿ ಎಣಿಸಿದರೂ ಮೊತ್ತ ಒಂದೇ. ಗುಡ್ಡೆ ತಪ್ಪಿದಾಗ ತಿದ್ದುವವರು ಯಾರು, ಅಂದಾಜಿಗೆ ದಾರಿ ಹುಡುಕಿದವರು ಯಾರು ಎಂದು ಆ ಅರ್ಧ ಗಂಟೆಯಲ್ಲಿ ಮೇಷ್ಟ್ರಿಗೆ ತಿಳಿಯುವಷ್ಟು ಯಾವ ಪರಿಚಯದಲ್ಲೂ ತಿಳಿಯದು. ಇದು ಮಕ್ಕಳ ಊರು ಮುಚ್ಚಿಡುವ ಉಪಾಯವಲ್ಲ. ನಾಲ್ಕು ವಾರ ಕಳೆದ ಮೇಲೆ ಪಾಠದಲ್ಲಿ ಮುಸುಕಿನ ಜೋಳ ಬಂದಾಗ ‘ನಮ್ಮ ಕಡೆ ಗೋವಿನಜೋಳ ಅಂತೀವಿ ಸಾರ್’ ಎಂದು ಒಬ್ಬ ಹುಡುಗ ತಾನಾಗಿಯೇ ಎದ್ದು ಹೇಳಿದರೆ, ಅವನ ಊರು ಆ ತರಗತಿಗೆ ಒಂದು ಹೊಸ ಪದವಾಗಿ ಬಂದಿರುತ್ತದೆ.

ಶಿಕ್ಷಕರಲ್ಲಿ ಕೇಳಿಕೊಳ್ಳುವುದು ಇಷ್ಟೇ: ಮುಂದಿನ ಸಲ ಶಾಲೆ ತೆರೆದಾಗ ಮೊದಲು ನಿಮ್ಮ ಪರಿಚಯ ನೀವು ಹೇಳಿಕೊಳ್ಳಿ. ಮಕ್ಕಳ ಹೆಸರುಗಳನ್ನು ಅವರು ಉಚ್ಚರಿಸಿದಂತೆಯೇ ಕಲಿಯಿರಿ. ಅಪ್ಪನ ಕೆಲಸವನ್ನು ಅರ್ಜಿಯ ನಮೂನೆಗೆ ಬಿಡಿ, ಅಲ್ಲಿ ಅದಕ್ಕೊಂದು ಕಾಲಂ ಹೇಗೂ ಇದೆ.